ಕುರಿ ಬರುವವರೆಗೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಎದುರು ಮನೆಯ ಅಜ್ಜಿ ಯಾವಾಗಲೂ ಇಟ್ಟಿಗೆ ಬಣ್ಣದ ಚೌಕುಳಿ ಸೀರೆಯಲ್ಲೇ ಇರುತ್ತಾಳೆ. ಅಮ್ಮ ಇದನ್ನು ಒಪ್ಪುವುದಿಲ್ಲ. "ಕಡು ಹಸಿರು ಬಿಟ್ಟು ಬೇರೆ ಬಣ್ಣ ಉಟ್ಟಿದ್ದನ್ನ ನಾನು ನೋಡೇ ಇಲ್ಲ" ಅನ್ನುತ್ತಾಳೆ. ದಿನಚರಿ ತೆಗೆದು ನೋಡೋಣವೆಂದರೆ ನಾನು ಬರೆಯಲು ಶುರುಮಾಡಿದ್ದೇ ಕಾಲೇಜಿಗೆ ಬಂದ ಮೇಲೆ. ಅಜ್ಜಿಯ ಎದುರು ಮನೆಯಲ್ಲಿ ನಾವಿದ್ದದ್ದು ಅದಕ್ಕೂ ಬಹಳ ಮೊದಲು. ಜೊತೆಗೆ, ಇದೇ ಸಂಗತಿಗಳನ್ನು ಅಪ್ಪ ಪೂರ್ತಿ ಬೇರೆ ರೀತಿಯಲ್ಲಿ ಹೇಳುತ್ತಾರೆ, ಅದೂ ನನಗಿಂತ ಹೆಚ್ಚಿನ ಖಚಿತತೆಯಿಂದ. ಹಾಗಾಗಿ ಇದನ್ನು ನಡೆದದ್ದು ಎಂದು ಓದುವುದಕ್ಕಿಂತ, ನಡೆದಿದೆ ಎಂದು ನಾನು ನಂಬಿಕೊಂಡು ಬಂದದ್ದು ಎಂದು ಓದಿದರೆ ಒಳ್ಳೆಯದು.

ಆಗ ನಾವು ಹೊಸದುರ್ಗದ ಅಂಚಿನ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಮನೆಯ ಜಗಲಿಯಿಂದ ಓಣಿ ದಾಟಿದರೆ ಅಜ್ಜಿಯ ಕುರಿ ರೊಪ್ಪ: ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದ ದೊಡ್ಡ ಬಯಲು, ಒಂದು ಬದಿಗೆ ಬೋಳು ಬಂಡೆ, ಇನ್ನೊಂದು ಬದಿಗೆ ಅಜ್ಜಿಯ ಮನೆ. ರಾತ್ರಿ ಅಲ್ಲಿ ಕುರಿಗಳು ಮಲಗುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಅಜ್ಜಿಯ ಗಂಡ ಮತ್ತು ಮಗ ಮಂದೆ ಹೊಡೆದುಕೊಂಡು ಹೋದರೆ ತಿರುಗಿ ಬರುವುದು ಕತ್ತಲಾಗುವ ಮುಂಚೆ. ದೂರ ನಡೆಯಲಾರದ ಮರಿಗಳನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ತೀರಾ ಎಳೆಯವು ದೊಡ್ಡ ಬುಟ್ಟಿಗಳ ಕೆಳಗೆ. ಸ್ವಲ್ಪ ಬಲಿತವು ರೊಪ್ಪದ ತುಂಬ. ಶಾಲೆ ಬಿಟ್ಟ ಹೊತ್ತಿನಿಂದ ಕುರಿ ಬರುವವರೆಗೆ ಆ ಜಾಗ ಮರಿಗಳದ್ದು ಮತ್ತು ಓಣಿಯ ಮಕ್ಕಳದ್ದು. ಹಾಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಬೇಲಿಯ ತಡಿಕೆ ತೆರೆದಿರುತ್ತಿತ್ತು, ಮಕ್ಕಳು ಒಳಗೆ ಹೋಗುತ್ತಿದ್ದರು, ಅಷ್ಟೆ.

ಅಜ್ಜಿ ಎಂದೆನಲ್ಲ, ಈಗ ಲೆಕ್ಕ ಹಾಕಿದರೆ ಆಕೆಗೆ ಆಗ ಐವತ್ತೂ ದಾಟಿರಲಿಕ್ಕಿಲ್ಲ. ನಮ್ಮ ಓಣಿಯ ಮಕ್ಕಳಿಗೆಲ್ಲ ಆಕೆ ರೊಪ್ಪದಜ್ಜಿ. ಮಕ್ಕಳನ್ನು ಕಂಡರೆ ಕರಗುವ ಹೆಂಗಸು ಎಂದು ಬರೆಯಲು ಕೈ ಹೋಗುತ್ತದೆ, ಹಾಗಿರಲಿಲ್ಲ. ಒಂದು ಚೂರು ಬೆಲ್ಲ ಕೊಟ್ಟದ್ದು ನೆನಪಿಲ್ಲ. ಕಥೆ ಹೇಳಿದವಳಲ್ಲ. ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತು, ಎಲೆಅಡಿಕೆಯನ್ನು ಒಂದು ಕೆನ್ನೆಗೆ ಒತ್ತಿಕೊಂಡು ಉಣ್ಣೆ ನೂಲುತ್ತಿದ್ದಳು. ನಮ್ಮೊಂದಿಗೂ ಮರಿಗಳೊಂದಿಗೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದಳು. "ಏಯ್, ಅತ್ಲಾಗೆ ಹೋಗ್ರಲೇ" ಎಂದರೆ ನಮಗೆ ಹೇಳಿದಳೋ ಮರಿಗಳಿಗೋ ತಿಳಿಯದೆ ಎಲ್ಲರೂ ಒಟ್ಟಿಗೆ ಸರಿಯುತ್ತಿದ್ದೆವು.

ಜಗಳದ ತೀರ್ಪಿಗೆ ಅವಳ ಹತ್ತಿರ ಹೋಗಿ ಪ್ರಯೋಜನವಿರಲಿಲ್ಲ. "ಅಜ್ಜೀ, ಇವನು ಔಟಾದ್ರೂ ಔಟಾಗಿಲ್ಲ ಅಂತಾನೆ" ಎಂದರೆ ದಾರದಿಂದ ಕಣ್ಣೆತ್ತದೆ, "ನಾನೇನು ಆಡಿದ್ನಾ? ಆಡಿದೋರು ನೀವು. ನಂಗೇನು ಗೊತ್ತು?" ಅನ್ನುತ್ತಿದ್ದಳು. ಎರಡು ಟಗರು ಮರಿಗಳು ತಲೆ ಕೊಟ್ಟು ಗುದ್ದಾಡುತ್ತಿದ್ದಾಗ ನಾವು ಬಿಡಿಸಲು ಓಡಿದರೆ ಮಾತ್ರ ಬೈಗುಳ: "ಬಿಡ್ರಲೇ ಅವನ್ನ. ನೀವು ಮಧ್ಯಕ್ಕೆ ಹೋದ್ರೆ ಗುದ್ದಾಟ ಮುಗಿಯಾದೇ ಇಲ್ಲ."

ಆ ಬಂಡೆಯ ಮೇಲೆ ಒಮ್ಮೆ ನಾನು ಸಿಕ್ಕಿಕೊಂಡಿದ್ದೆ. ದೊಡ್ಡ ಹುಡುಗಿಯರ ಹಿಂದೆ ಹತ್ತಿಬಿಟ್ಟಿದ್ದೆ. ಅವರು ಜಾರಿ ಇಳಿದು ಬೇರೆ ಆಟಕ್ಕೆ ಹೋದರು, ನನಗೆ ಇಳಿಯುವ ದಾರಿ ಕಾಣಲಿಲ್ಲ. ಅಳತೊಡಗಿದೆ. ಅಜ್ಜಿ ನೂಲುತ್ತಲೇ ಇದ್ದಳು.

"ಅಜ್ಜೀ, ಇಳಿಸು!"

"ನಾನ್ ಹತ್ತಿಸಿದ್ನೇನೇ?"

"ಬಿದ್ದೋಗ್ತೀನಿ!"

"ಹಂಗಾರೆ ಬೀಳ್ಬ್ಯಾಡ, ಅಲ್ಲೇ ಕುಂತ್ಕಾ. ಅಳು ಮುಗಿಸ್ಕಂಡು ನೋಡು, ದಾರಿ ಕಾಣುತ್ತೆ."

ಅತ್ತು ಮುಗಿಸಿದೆ. ಬಂಡೆಯ ಹಿಂಬದಿಗೆ ಬಿರುಕೊಂದಿತ್ತು, ಅದರಲ್ಲಿ ಕಾಲಿಟ್ಟು ಬೆನ್ನು ಒತ್ತಿಕೊಂಡು ಇಳಿದೆ. ಲಂಗ ಹರಿಯಿತು. ಕೆಳಗೆ ಬಂದವಳು ತಕ್ಷಣ ಮತ್ತೆ ಹತ್ತಿದೆ, ಮತ್ತೆ ಅದೇ ಬಿರುಕಿನಲ್ಲಿ ಇಳಿದೆ. ಅಜ್ಜಿ ಒಂದು ಮಾತು ಹೊಗಳಲಿಲ್ಲ. ನೋಡಿದಳೋ ಇಲ್ಲವೋ ಎಂಬುದೂ ನನಗೆ ಖಾತ್ರಿಯಿಲ್ಲ. ಅವಳು ಕುಳಿತಿದ್ದ ಕಲ್ಲಿನಿಂದ ಆ ಹಿಂಬದಿ ಕಾಣುತ್ತಿತ್ತೇ ಎಂದು ಈಚೆಗೆ ಹೋದಾಗ ಪರೀಕ್ಷಿಸಬೇಕೆಂದುಕೊಂಡಿದ್ದೆ. ಅಲ್ಲಿ ಈಗ ಆ ಕಲ್ಲಿಲ್ಲ.

ನಮ್ಮ ಆಟಗಳಿಗೆ ಹೆಸರಿರಲಿಲ್ಲ. ಎಲ್ಲರೂ ಕುರಿಗಳಾಗಿ ಒಬ್ಬಳು ಮಾತ್ರ ಕಳೆದುಹೋಗುವ ಆಟವಿತ್ತು. ಬುಟ್ಟಿಯ ಕೆಳಗೆ ಕೂತು ಉಳಿದವರು ಮರೆಯುವವರೆಗೆ ಸುಮ್ಮನಿರುವ ಆಟವಿತ್ತು. ಎಲ್ಲಕ್ಕಿಂತ ದೊಡ್ಡದು ಹಿಕ್ಕೆ ಅಂಗಡಿ. ಒಣಗಿದ ಕುರಿಹಿಕ್ಕೆಯನ್ನು ಶೇಂಗಾ, ಕಾಳು, ಮಾತ್ರೆ ಎಂದು ಗುಡ್ಡೆ ಹಾಕಿ ಮಾರುತ್ತಿದ್ದೆವು. ಒಂದು ದಿನ ಅದನ್ನು ಕಂಡ ಅಮ್ಮ ಜಗಲಿಯಿಂದಲೇ ಕಿರುಚಿದ್ದಳು. ಅಜ್ಜಿ, "ಕೂಗ್ಬ್ಯಾಡ್ರಿ ಮೇಷ್ಟ್ರಮ್ಮ, ತಿಂತಿಲ್ಲ, ಮಾರ್ತವೆ" ಎಂದು ಸಮಾಧಾನ ಹೇಳಿದಳು. ಅಮ್ಮ ತನ್ನ ಕನಕಾಂಬರದ ಗಿಡಗಳಿಗೆ ಗೊಬ್ಬರ ಕೊಳ್ಳುತ್ತಿದ್ದದ್ದೂ ಅಜ್ಜಿಯ ಹತ್ತಿರವೇ. ಇಬ್ಬರೂ ಬೇಲಿಯ ಪಕ್ಕ ನಿಂತು ಬಹಳ ಹೊತ್ತು ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೆಂದು ಆ ವಯಸ್ಸಿನಲ್ಲಿ ಯಾರು ಕಿವಿಗೊಡುತ್ತಾರೆ.

ನಮ್ಮ ಶಾಲೆಗೆ ಹೊಸದಾಗಿ ಬಂದ ಒಬ್ಬ ಮೇಷ್ಟ್ರಿಗೆ ನಮ್ಮ ಈ ಅಡ್ಡಾದಿಡ್ಡಿ ಕುಣಿತ ಕಂಡು ಮರುಕವಾಯಿತೆಂದು ಕಾಣುತ್ತದೆ. ಒಂದು ಸಂಜೆ ಸೀಟಿ ಹಿಡಿದು ರೊಪ್ಪಕ್ಕೆ ಬಂದರು. ನಮ್ಮನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು, ಸುಣ್ಣದಲ್ಲಿ ಗೆರೆ ಎಳೆದರು. ಅಜ್ಜಿ ನೂಲುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಏನ್ ಸಾರ್, ಸಂತೆಗೆ ಹೊಡ್ಕಂಡ್ ಹೋಗ್ತೀರಾ?"

"ಇಲ್ಲಮ್ಮ, ಆಟ ಹೇಳಿಕೊಡೋಣ ಅಂತ."

"ಬರಲ್ವಾ ಇವ್ಕೆ?"

ಮೇಷ್ಟ್ರು ನಕ್ಕುಬಿಟ್ಟರು. ಒಳ್ಳೆಯವರು ಅವರು. ಇನ್ನೆರಡು ಸಂಜೆ ಬಂದರು, ಆದರೆ ಸೀಟಿ ತರಲಿಲ್ಲ; ಅಜ್ಜಿಯ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡು ಹೋದರು. ಸುಣ್ಣದ ಗೆರೆಯನ್ನು ಮರಿಗಳು ನೆಕ್ಕಿ ಮುಗಿಸಿದವು.

ನಾನು ಐದನೇ ತರಗತಿಗೆ ಬಂದಾಗ ಅಪ್ಪ ನನ್ನನ್ನು ದೂರದ ವಸತಿ ಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಕೂರಿಸಲು ನಿರ್ಧರಿಸಿದರು. ಗೋಡೆಗೆ ವೇಳಾಪಟ್ಟಿ ಬಂತು. ಶಾಲೆಯಿಂದ ಬಂದು ಹಾಲು ಕುಡಿದರೆ ಜಗಲಿಯ ಮೇಲೆ ಗಣಿತ, ದೀಪ ಹಚ್ಚಿದ ಮೇಲೆ ಒಳಗೆ ಕನ್ನಡ. ಅಪ್ಪ ಕ್ರೂರಿಯಲ್ಲ. ತಾವು ಹಳ್ಳಿಯಿಂದ ನಡೆದು ಓದಿದವರು. ಮಗಳಿಗೆ ಒಂದು ಬಾಗಿಲು ತೆರೆಯುತ್ತದೆ ಎಂದರೆ ಅದಕ್ಕೆ ಸಂಜೆಗಳನ್ನು ಕೊಡುವುದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. "ಒಂದು ವರ್ಷ, ಆಮೇಲೆ ಬೇಕಾದಷ್ಟು ಆಡು" ಎಂದರು. ಜಗಲಿಯ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ; ಓಣಿಯ ಆಚೆಗೆ ಬುಟ್ಟಿಯ ಕೆಳಗೆ ಯಾರೋ ಅಡಗುತ್ತಿದ್ದರು, ಯಾರು ಅಡಗಿದ್ದಾರೆಂದು ನನಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು, ಕೂಗಿ ಹೇಳುವಂತಿರಲಿಲ್ಲ. ಲೆಕ್ಕಗಳು ತಪ್ಪುತ್ತಿದ್ದವು. ಲೆಕ್ಕ ತಪ್ಪಿದ್ದಕ್ಕೆ ಇನ್ನಷ್ಟು ಹೊತ್ತು ಕೂರಬೇಕಾಗುತ್ತಿತ್ತು.

ಹೀಗೆ ಕೆಲವು ವಾರಗಳಾದ ಮೇಲೆ, ಅಪ್ಪ ಇನ್ನೂ ಶಾಲೆಯಿಂದ ಬಂದಿರದ ಒಂದು ಸಂಜೆ, ಅಜ್ಜಿ ಓಣಿ ದಾಟಿ ನಮ್ಮ ಜಗಲಿ ಹತ್ತಿದಳು. ಅವಳು ನಮ್ಮ ಮನೆಗೆ ಬಂದದ್ದೇ ಅಪರೂಪ. ಬಂದವಳು ಒಂದು ಮಾತೂ ಆಡದೆ ನನ್ನ ಗಲ್ಲ ಹಿಡಿದು ಎತ್ತಿದಳು, ಹೆಬ್ಬೆರಳಿನಿಂದ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದಳು, ಎರಡೂ ಕಿವಿ ಮುಟ್ಟಿದಳು. ಮರಿಗಳನ್ನು ಹಾಗೆ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಹುಡುಗಿಗೆ ಏನೋ ಆಗೈತೆ ಮೇಷ್ಟ್ರಮ್ಮ. ಡಾಕ್ಟ್ರಿಗೆ ತೋರಿಸ್ರಿ."

"ಏನಾಗಿದೆ? ಓದ್ತಾ ಕೂತಿದಾಳೆ."

"ಓದಾದಲ್ಲ ಇದು. ಮಿಕ್ಕವೆಲ್ಲ ಕುಣೀತಿರ್ವಾಗ ಒಂದು ಮರಿ ಮೂಲೆ ಹಿಡಿದು ಕುಂತ್ರೆ ನಾವು ಎದ್ದು ಹೋಗಿ ನೋಡ್ತೀವಿ. ಎಷ್ಟು ದಿನದಿಂದ ಹಿಂಗೆ? ಮೇವು... ಊಟ ಸರಿ ಮಾಡ್ತೈತಾ?"

ಅಮ್ಮ ಏನು ಉತ್ತರ ಕೊಟ್ಟಳೋ ನೆನಪಿಲ್ಲ. ನನಗೆ ಅಪಮಾನವೂ ಆಯಿತು, ಒಳಗೊಳಗೆ ಖುಷಿಯೂ ಆಯಿತು. ನಿಜವಾಗಿಯೂ ಏನಾದರೂ ಆಗಿದ್ದರೆ ಎಂದು ಆಸೆಯಾಯಿತು.

ಅಜ್ಜಿ ಅಷ್ಟಕ್ಕೆ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಹೇಳಿದಳು, ಅಂಗಡಿಯಲ್ಲಿ ಹೇಳಿದಳು. ಮಾರನೆಯ ದಿನ ಪಕ್ಕದ ದರ್ಜಿ ಸಾಹೇಬರ ಮನೆಯಾಕೆ ತಾಯಿತ ತಂದು ನನ್ನ ತೋಳಿಗೆ ಕಟ್ಟಿ, "ಹೆದರ್ಬೇಡ ಬೇಟಿ, ಎಲ್ಲಾ ಚಲೋ ಆಗ್ತೈತೆ" ಎಂದು ತಲೆ ಸವರಿದರು. ಇನ್ನೊಬ್ಬರು ಕಾಮಾಲೆ ಎಂದರು, ರಾಮಗಿರಿಯ ಹತ್ತಿರ ಯಾರೋ ಸೊಪ್ಪಿನ ಔಷಧಿ ಕೊಡುತ್ತಾರೆ ಎಂದರು. ಮತ್ತೊಬ್ಬರು ನನ್ನನ್ನು ನೋಡಿ ಕಣ್ಣೊರೆಸಿಕೊಂಡರು. ಅಪ್ಪ ಸಿಟ್ಟಿನಿಂದ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಆದರೆ ನಾವು ಡಾಕ್ಟರ ಷಾಪಿನಿಂದ ಇಳಿಯುವುದನ್ನು ಅರ್ಧ ಊರು ನೋಡಿತ್ತು. ಏನೂ ಇಲ್ಲದಿದ್ದರೆ ಡಾಕ್ಟರ ಹತ್ತಿರ ಯಾಕೆ ಹೋಗುತ್ತಿದ್ದರು? ಕೊನೆಗೆ ಹೆಡ್‌ಮಾಸ್ಟರೇ ಅಪ್ಪನನ್ನು ಕರೆದು, "ಮಗಳಿಗೆ ಹುಷಾರಿಲ್ವಂತಲ್ರೀ, ಬೇಕಾದ್ರೆ ರಜ ಹಾಕ್ರಿ" ಎಂದರಂತೆ.

ಆ ಸಂಜೆ ಅಪ್ಪ ಚೀಲವನ್ನು ಕುಕ್ಕಿದ ರೀತಿ ನೆನಪಿದೆ.

"ಊರಿಗೆಲ್ಲ ಎಷ್ಟು ಸಲ ಹೇಳೋದು ಏನೂ ಆಗಿಲ್ಲ ಅಂತ? ಒಬ್ಬರೂ ನಂಬ್ತಿಲ್ಲ."

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. "ಹೇಳಿದ್ರೆ ಯಾರು ನಂಬ್ತಾರೆ? ಜನಕ್ಕೆ ಕಣ್ಣಿಗೆ ಕಾಣಬೇಕು."

"ಏನು ಕಾಣಬೇಕು?"

"ಆರೋಗ್ಯವಾಗಿರೋ ಮಕ್ಕಳು ಏನು ಮಾಡ್ತಾವೋ ಅದು."

ಅಪ್ಪ ಗಣಿತದವರಾದ್ದರಿಂದ ಬೇರೆ ದಾರಿಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದರೆಂದು ಕಾಣುತ್ತದೆ. ಕೊನೆಗೆ ನನ್ನನ್ನು ಕರೆದು ಆಜ್ಞೆ ಮಾಡಿದರು: "ನಾಳೆಯಿಂದ ಸಂಜೆ ಒಂದು ಗಂಟೆ ರೊಪ್ಪಕ್ಕೆ ಹೋಗು. ಎಲ್ಲರಿಗೂ ಕಾಣೋ ಹಾಗೆ ಆಡು."

ಮೊದಲ ಸಂಜೆ ಅಪ್ಪ ಜಗಲಿಯ ಮೇಲೆ ನಿಂತೇ ಇದ್ದರು. ನಾನು ರೊಪ್ಪದ ಮಧ್ಯೆ ನಿಂತಿದ್ದೆ. ಹೇಗೆ ಶುರುಮಾಡುವುದೆಂದು ಮರೆತೇಹೋಗಿತ್ತು. ಎಲ್ಲರೂ ಯಾವುದೋ ಹೊಸ ಆಟದ ನಡುವೆ ಇದ್ದರು. "ಓಡು, ಜೋರಾಗಿ ಓಡು!" ಎಂದು ಅಪ್ಪ ಕೂಗಿದರು. ಬೇಲಿಯ ಒಳಗೇ ಒಂದು ಸುತ್ತು ಓಡಿದೆ. "ಇನ್ನೊಂದ್ಸಲ!" ಎಂದರು. ಮಕ್ಕಳೆಲ್ಲ ಆಟ ನಿಲ್ಲಿಸಿ ನನ್ನನ್ನು ನೋಡಿದರು. ಆಗ ಅಜ್ಜಿ ಕುಳಿತಲ್ಲಿಂದಲೇ ಹೇಳಿದಳು:

"ಮೇಷ್ಟ್ರೇ, ನೀವು ಒಳಗೋಗಿ ಕಾಫಿ ಕುಡೀರಿ. ನೀವು ನಿಂತಿರಾವರ್ಗೂ ಅದು ಆಡಲ್ಲ, ಪಾಠ ಒಪ್ಪಿಸ್ತೈತೆ."

ಅಪ್ಪ ಒಳಗೆ ಹೋದರು. ಅಪ್ಪನಿಗೆ ಹಾಗೆ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆಮೇಲೂ ನಾನು ನಿಂತೇ ಇದ್ದೆ. ಅವಳನ್ನೂ ಸೇರಿಸಿಕೊಳ್ಳಿ ಎಂದು ಅಜ್ಜಿ ಯಾರಿಗೂ ಹೇಳಲಿಲ್ಲ. ಈಗ ನಾನಾಗಿದ್ದರೆ ಹೇಳುತ್ತಿದ್ದೆ; ನನ್ನ ಮಗಳಿಗಾಗಿ ಹಾಗೆ ಹೇಳಿದ್ದೂ ಇದೆ, ಅವಳ ಮುಖ ಸಣ್ಣದಾದದ್ದನ್ನು ಕಂಡಿದ್ದೂ ಇದೆ. ಅಲ್ಲಿ ಎಷ್ಟು ಹೊತ್ತು ಒಬ್ಬಳೇ ಇದ್ದೆನೋ ತಿಳಿಯದು. ಒಂದು ಮರಿ ಬಂದು ನನ್ನ ಲಂಗದ ಅಂಚು ಜಗಿಯಿತು. ಕೊನೆಗೆ ಹಿಕ್ಕೆ ಅಂಗಡಿಯ ಹುಡುಗಿಯೊಬ್ಬಳು ಎದ್ದು, "ಏಯ್, ಅಂಗಡಿ ನೋಡ್ಕಾ, ನೀರು ಕುಡ್ಕಂಡ್ ಬರ್ತೀನಿ" ಎಂದು ಓಡಿದಳು. ನಾನು ಕುಳಿತೆ. ಗಿರಾಕಿ ಬಂದ. "ಶೇಂಗಾ ಹಸೀದು, ಬೆಲೆ ಕಮ್ಮಿ ಮಾಡು" ಎಂದ. "ಬೇಕಾದ್ರೆ ತಗಾ, ಇಲ್ದಿದ್ರೆ ಹೋಗು" ಎಂದೆ. ಎಷ್ಟೋ ವಾರಗಳ ನಂತರ ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಅಪ್ಪ ಕೊಟ್ಟದ್ದು ಒಂದು ಗಂಟೆ. ಆದರೆ ರೊಪ್ಪದಲ್ಲಿ ಗಡಿಯಾರವಿರಲಿಲ್ಲ. ದೂರದಿಂದ ತಾಯಿಕುರಿಗಳ ದನಿ ಕೇಳಿದೊಡನೆ ಮರಿಗಳು ಹುಚ್ಚೆದ್ದು ಬೇಲಿಗೆ ನುಗ್ಗುತ್ತಿದ್ದವು. ಅಜ್ಜಿ ಎದ್ದು ಸೀರೆ ಕೊಡವಿ, "ನಡೀರಿ ನಡೀರಿ, ಮನೆಯೋರು ಬಂದ್ರು" ಎನ್ನುತ್ತಿದ್ದಳು. ಮನೆಯವರೆಂದರೆ ಕುರಿಗಳು, ನಾವು ನೆಂಟರು. ಮೇವು ಹತ್ತಿರದಲ್ಲೇ ಸಿಕ್ಕ ದಿನ ಮಂದೆ ಬೇಗ ಬರುತ್ತಿತ್ತು, ಬೇಸಿಗೆಯಲ್ಲಿ ದೂರ ಹೋದ ದಿನ ತಡ. ನಾನು ಬೇಸಿಗೆಯನ್ನು ಇಷ್ಟಪಡಲು ಕಲಿತದ್ದು ಹಾಗೆ. ತಡವಾದಾಗ ಅಪ್ಪ ಜಗಲಿಗೆ ಬಂದು ಕೈಗಡಿಯಾರ ನೋಡುತ್ತಿದ್ದರು. ಅಜ್ಜಿ, "ಇನ್ನೂ ಕುರಿ ಬಂದಿಲ್ಲ ಮೇಷ್ಟ್ರೇ" ಎಂದರೆ ಅಪ್ಪ ತಿರುಗಿ ಒಳಗೆ ಹೋಗುತ್ತಿದ್ದರು.

ವಸತಿ ಶಾಲೆಯ ಸೀಟು ಸಿಗಲಿಲ್ಲ. ಆಟವಾಡಿದ್ದರಿಂದ ಸಿಗಲಿಲ್ಲವೋ, ಆಡದಿದ್ದರೂ ಸಿಗುತ್ತಿರಲಿಲ್ಲವೋ, ಹೇಳಲಾರೆ. ಆಡಿದ್ದರಿಂದಲೇ ಮುಂದೆ ನಾನು ಇಷ್ಟು ಓದಿದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅದಕ್ಕೂ ನನ್ನ ಹತ್ತಿರ ಆಧಾರವಿಲ್ಲ. ನನಗೆ ಗೊತ್ತಿರುವುದು ಇಷ್ಟೆ: ಆ ಸಂಜೆಗಳು ಯಾವುದಕ್ಕೂ ತಯಾರಿಯಾಗಿರಲಿಲ್ಲ, ಅವುಗಳ ಕೊನೆಗೆ ಯಾರೂ ನಮ್ಮನ್ನು ಏನನ್ನೂ ಕೇಳುತ್ತಿರಲಿಲ್ಲ. ಈಗ ಚಿತ್ರದುರ್ಗದಲ್ಲಿ ನನ್ನ ಮಗಳ ಶಾಲೆಯಿಂದ ಮೊಬೈಲಿಗೆ ಫೋಟೊ ಬರುತ್ತದೆ, ಕೆಳಗೆ 'ಇಂದಿನ ಮುಕ್ತ ಆಟ' ಎಂದಿರುತ್ತದೆ. ಮಕ್ಕಳೆಲ್ಲ ಸಾಲಾಗಿ ನಿಂತು ನಗುತ್ತಿರುತ್ತಾರೆ. ನಗಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಏಕೆಂದರೆ ಅವಳು ಬೀದಿಗೆ ಇಳಿದಾಗ ಬಾಲ್ಕನಿಯಲ್ಲಿ ನಿಲ್ಲುವವಳು ನಾನೇ. ರಸ್ತೆಯಲ್ಲಿ ಗಾಡಿಗಳು ಹೆಚ್ಚು ಎನ್ನುವುದು ನಿಜ. ಅದೊಂದೇ ಕಾರಣ ಎನ್ನಲಾರೆ.

ಅಜ್ಜಿ ತೀರಿಕೊಂಡ ಸುದ್ದಿ ತಡವಾಗಿ ಬಂತು. ಆಕೆಗೆ ವಯಸ್ಸಾಗಿತ್ತು, ನರಳಲಿಲ್ಲವಂತೆ. ಈಗ ನನ್ನ ಜೊತೆಯಲ್ಲೇ ಇರುವ ಅಪ್ಪ ಅಮ್ಮ, ನಾನು, ಮಗಳು, ನಾಲ್ವರೂ ಹೊಸದುರ್ಗಕ್ಕೆ ಹೋಗಿ ಮಾತಾಡಿಸಿಕೊಂಡು ಬಂದೆವು. ರೊಪ್ಪದ ಅರ್ಧ ಜಾಗದಲ್ಲಿ ಮನೆ ಎದ್ದಿದೆ. ಉಳಿದರ್ಧದಲ್ಲಿ ಕಂಬಗಳ ಮೇಲೆ ಹಲಗೆ ಹಾಸಿದ ಎತ್ತರದ ಶೆಡ್ಡು. ಕುರಿಗಳಿಗೆ ಮೇವು ಅಲ್ಲಿಗೇ ಬರುತ್ತದೆ. ಬಂಡೆ ಮಾತ್ರ ಹಾಗೇ ಇದೆ, ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಗಿಡ್ಡ. ಅಜ್ಜಿಯ ಸೊಸೆ ಚಹಾ ಕೊಟ್ಟು ಕೂರಿಸಿದರು. ಮಗಳು ಅಲ್ಲಿಯ ಮಕ್ಕಳ ಜೊತೆ ಎಲ್ಲೋ ಮಾಯವಾದಳು. ನಾನು ಎದ್ದೆ.

"ಕುಂತ್ಕಳ್ರಿ ಅಕ್ಕ, ಎಲ್ಲಿಗ್ ಹೋಗ್ತಾವೆ" ಎಂದರು ಸೊಸೆ. ಕೂತೆ. ಪೂರ್ತಿ ಕೂತೆ ಎಂದು ಹೇಳಲಾರೆ, ಆದರೆ ಕೂತೆ.

ಅಪ್ಪ ಹೊರಗೆ ಶೆಡ್ಡು ನೋಡುತ್ತಿದ್ದರು. ಅಮ್ಮ ಅಜ್ಜಿಯ ಫೋಟೊಕ್ಕೆ ತಂದ ಹೂವಿನ ದಂಡೆಯ ಸಿಕ್ಕು ಬಿಡಿಸುತ್ತಿದ್ದಳು. ಸೊಸೆ ಅಮ್ಮನ ಕಡೆ ನೋಡಿ ನಗುತ್ತಾ ಹೇಳಿದರು: "ನಮ್ಮತ್ತೆ ಮಂಚ ಹಿಡಿದ ಮೇಲೂ ನಿಮ್ಮನ್ನ ನೆನೆಸ್ಕಂಡು ನಗಾರು ಕಣ್ರಿ. 'ಮೇಷ್ಟ್ರಮ್ಮ ಭಾರೀ ಕಿಲಾಡಿ ಕಣೇ, ನನ್ನ ಬಾಯಿನ ಬಾಡಿಗೆಗೆ ತಗಂಡಿದ್ಲು' ಅನ್ನಾರು."

"ಯಾತಕ್ಕೆ?" ಎಂದೆ ನಾನು.

"ನಂಗೇನ್ ಗೊತ್ತಕ್ಕ. ಹೇಳಾಕ್ ಹೋಗೋದು, ನಗು ಬಂದು ಕೆಮ್ಮು ಹತ್ತೋದು, ಅಲ್ಲಿಗೇ ನಿಲ್ಲೋದು."

ಅಮ್ಮ ಸಿಕ್ಕು ಬಿಡಿಸುತ್ತಲೇ ಇದ್ದಳು. "ವಯಸ್ಸಾದೋರು ಏನೇನೋ ಅಂತಿರ್ತಾರೆ" ಎಂದಳು.

ಮಗಳು ತಲೆಯ ತುಂಬ ಒಣಹುಲ್ಲು, ಮೊಣಕೈಗೆ ಒಂದು ತರಚು ಮಾಡಿಕೊಂಡು ಬಂದಳು. ತಿರುಗಿ ಬರುವಾಗ ಹೊಳಲ್ಕೆರೆ ಮೇಲೆ ಬರುವ ಬಸ್ಸು ಹತ್ತಿದೆವು. ಅಪ್ಪನಿಗೆ ಮುಂದಿನ ಸೀಟು ಸಿಕ್ಕಿತು. ಪಕ್ಕದ ಪ್ರಯಾಣಿಕರು ಮೊಮ್ಮಗ ಮೊಬೈಲ್ ಬಿಡುವುದಿಲ್ಲ ಎಂದು ಗೋಳು ಹೇಳಿಕೊಂಡಿದ್ದಿರಬೇಕು, ಅಪ್ಪ ಗಟ್ಟಿಯಾಗಿ ಹೇಳುತ್ತಿದ್ದರು: "ನಾನು ನನ್ನ ಮಗಳನ್ನ ದಿನಾ ಆಟಕ್ಕೆ ಕಳಿಸ್ತಿದ್ದೆ ನೋಡಿ. ಪರೀಕ್ಷೆ ಇದ್ರೂ ಕಳಿಸ್ತಿದ್ದೆ. ಮಕ್ಕಳನ್ನ ಬಿಡಬೇಕು ರೀ, ಸುಮ್ನೆ ಬಿಡಬೇಕು." ಅವರ ದನಿಯಲ್ಲಿ ಸುಳ್ಳಿನ ಸುಳಿವಿರಲಿಲ್ಲ. ಕಳಿಸಿದ್ದು ಅವರೇ ಹೌದಲ್ಲ.

ಅಮ್ಮನ ಭುಜ ಕುಲುಕುತ್ತಿತ್ತು. ಬಸ್ಸಿಗೋ ನಗುವಿಗೋ ತಿಳಿಯಲಿಲ್ಲ. ನಾನು ಅವಳ ಕಿವಿಯ ಹತ್ತಿರ ಬಗ್ಗಿದೆ.

"ಅಮ್ಮಾ, ಅವತ್ತು ನನ್ನ ಕಣ್ಣು ನೋಡೋಕೆ ಅಜ್ಜಿ ತಾನಾಗೇ ಬಂದ್ಲಾ, ನೀನು ಕರೆದಿದ್ದಾ?"

ಅಮ್ಮ ಮುಂದಿನ ಸೀಟಿನಲ್ಲಿದ್ದ ಅಪ್ಪನ ಬೆನ್ನು ನೋಡಿದಳು, ಆಮೇಲೆ ಕಿಟಕಿಯ ಹೊರಗೆ. ಊರಿಗೆ ಬಂದ ಮೇಲೂ ಕೇಳಿದ್ದೇನೆ. "ಯಾವತ್ತು?" ಅನ್ನುತ್ತಾಳೆ.